ಕೇರಂ ಬೋರ್ಡ್ ಮತ್ತೆ ನುಣುಪಾಗಬೇಕೇ? ಪೇಪರ್ ಹಿಡಿಯುವ ಮೊದಲು ಇದನ್ನು ಓದಿ

ಹೋದ ಬೇಸಿಗೆ ರಜೆಯಲ್ಲಿ ಹುಬ್ಬಳ್ಳಿಯ ನಮ್ಮ ಮನೆಗೆ ರಿಪೇರಿಗೆ ಬಂದ ಕೇರಂ ಬೋರ್ಡ್‌ಗಳಲ್ಲಿ ಅರ್ಧಕ್ಕರ್ಧ ಕೆಟ್ಟಿದ್ದು ಆಡಿ ಅಲ್ಲ, ರಿಪೇರಿ ಮಾಡಿ. ಒಬ್ಬರು 80 ನಂಬರ್ ಪಾಲಿಶ್ ಪೇಪರ್ ಹಿಡಿದು ಗೆರೆಗಳನ್ನೇ ಉಜ್ಜಿ ತೆಗೆದಿದ್ದರು. ಇನ್ನೊಬ್ಬರು ಬೈಕಿಗೆ ಹಾಕುವ ಪಾಲಿಶ್ ಬಳಿದಿದ್ದರು. ಧಾರವಾಡದಿಂದ ಬಂದ ಒಂದು ಬೋರ್ಡ್ ಅಂತೂ ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ಆಷಾಢದ ಜಿಟಿಜಿಟಿ ಮಳೆಯಲ್ಲಿ ಲ್ಯಾಕರ್, ಅಂದರೆ ಮರಕ್ಕೆ ಹಚ್ಚುವ ಪಾರದರ್ಶಕ ಲೇಪ, ಹೊಡೆದಿದ್ದರಂತೆ.

ಎಲ್ಲರೂ ಎಡವುವುದು ಒಂದೇ ಕಡೆ. ಬೋರ್ಡ್ ಒರಟಾಗಿದೆ ಎಂದ ತಕ್ಷಣ ಉಜ್ಜಲು ಕೂರುತ್ತಾರೆ. ಉಜ್ಜುವುದು ನಾಲ್ಕನೇ ಕೆಲಸ. ಅದಕ್ಕಿಂತ ಮುಂಚೆ ಮೂರು ಕೆಲಸ ಇವೆ, ಅವನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ.

## ಯಾವಾಗ ಮಾಡಬೇಕು

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಗಾಳಿ ಒಣಗಿರುತ್ತದೆ, ಬಿಸಿಲೂ ಜಾಸ್ತಿ ಇರುವುದಿಲ್ಲ. ಮಾರ್ಚ್ ದಾಟಿದ ಮೇಲೆ ಹುಬ್ಬಳ್ಳಿಯ ಧೂಳು ಶುರು. ಹಸಿ ಲ್ಯಾಕರ್ ಮೇಲೆ ಕೂತ ಒಂದೊಂದು ಕಣವೂ ಆಮೇಲೆ ಬೆರಳಿಗೆ ಮುಳ್ಳಿನ ಹಾಗೆ ತಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಅಡ್ಡಮಳೆಯ ಭಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದವರು ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಗದಗಿನವರಿಗೆ ಮಳೆಗಾಲದಲ್ಲೂ ನಡುನಡುವೆ ನಾಲ್ಕು ಒಣ ದಿನ ಸಿಗಬಹುದು, ನಮಗೆ ಆ ಭಾಗ್ಯ ಕಡಿಮೆ.

ಹತ್ತು-ಹನ್ನೆರಡು ದಿನ ಕೈಯಲ್ಲಿಟ್ಟುಕೊಂಡು ಶುರು ಮಾಡಿ. ಕೈಕೆಲಸ ಎಲ್ಲ ಸೇರಿ ಐದಾರು ತಾಸು ಅಷ್ಟೇ. ಉಳಿದದ್ದು ಒಣಗಲು. ಭಾನುವಾರ ಪಂದ್ಯ ಇದೆ ಎಂದು ಶುಕ್ರವಾರ ಶುರು ಮಾಡುವವರು ದಯವಿಟ್ಟು ಇನ್ನೊಂದು ಬೋರ್ಡ್ ಹುಡುಕಿಕೊಳ್ಳಿ.

## ಬೇಕಾಗುವ ಸಾಮಾನು

ಪಾಲಿಶ್ ಪೇಪರ್: 320, 400, 600, 1000 ಮತ್ತು 1500 ನಂಬರ್, ಒಂದೊಂದರಲ್ಲೂ ಎರಡು ಹಾಳೆ. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ. 220 ಬೇಕಾಗುವುದು ಪೂರ್ತಿ ಕೆಟ್ಟ ಬೋರ್ಡಿಗೆ ಮಾತ್ರ. 80, 120 ಮನೆಯಲ್ಲಿದ್ದರೆ ಅಟ್ಟದ ಮೇಲಿಡಿ.

ಪೇಪರ್ ಸುತ್ತಿಕೊಳ್ಳಲು ಒಂದು ಮಟ್ಟವಾದ ಕಟ್ಟಿಗೆ ತುಂಡು. ಅದರ ಅಡಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ಅಂಟಿಸಿದರೆ ಅಂಗಡಿಯ ಬ್ಲಾಕಿಗಿಂತ ಚೆನ್ನಾಗಿ ಹಿಡಿತ ಬರುತ್ತದೆ. ಬರಿಗೈಯಿಂದ ಉಜ್ಜಬೇಡಿ. ಬೆರಳು ಒತ್ತಿದ ಕಡೆಯೆಲ್ಲ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ, ಅದು ಗೊತ್ತಾಗುವುದು ಕಾಯಿ ಓಲಾಡಿದಾಗ.

ಇದಲ್ಲದೆ ಟರ್ಪೆಂಟೈನ್, ಎನ್‌ಸಿ (ನೈಟ್ರೋಸೆಲ್ಯುಲೋಸ್) ಕ್ಲಿಯರ್ ಲ್ಯಾಕರ್, ಅದೇ ಕಂಪನಿಯ ಎನ್‌ಸಿ ಥಿನ್ನರ್, ಸ್ವಲ್ಪ ಸ್ಯಾಂಡಿಂಗ್ ಸೀಲರ್ (ಲ್ಯಾಕರಿಗೂ ಮೊದಲು ಬರಿ ಮರಕ್ಕೆ ಹಚ್ಚುವ ಲೇಪ), ಮಾಸ್ಕಿಂಗ್ ಟೇಪ್, ಪೆನ್ಸಿಲ್, ಮೂರು ಅಡಿಯ ಸ್ಟೀಲ್ ಸ್ಕೇಲ್, ಮೆತ್ತನೆಯ ಬ್ರಷ್, ಸ್ವಲ್ಪ ಹತ್ತಿ. ಹಳೆಯ ಧೋತರ ಒಂದಿದ್ದರೆ ತುಂಬಾ ಒಳ್ಳೆಯದು. ಹತ್ತಾರು ಸಲ ಒಗೆದ ಧೋತರದ ಅರಿವೆ ಎಳೆ ಬಿಡುವುದಿಲ್ಲ. ಬನಿಯನ್ ಬಿಡುತ್ತದೆ.

ಪೇಂಟ್ ಅಂಗಡಿಯಲ್ಲಿ ಲ್ಯಾಕರ್ ಬದಲು ಮೆಲಮೈನ್ ಕೊಡಲೇ ಎಂದು ಕೇಳಬಹುದು. ಮೆಲಮೈನ್ ಗಟ್ಟಿ, ನಿಜ. ಆದರೆ ಅದಕ್ಕೆ ಹಾರ್ಡ್‌ನರ್ ಬೆರೆಸಬೇಕು, ಬೆರೆಸಿದ ಮೇಲೆ ಕೆಲವೇ ತಾಸಿನಲ್ಲಿ ಮುಗಿಸಬೇಕು, ತಪ್ಪಾದರೆ ಥಿನ್ನರ್‌ನಿಂದ ತಿದ್ದಲೂ ಬರುವುದಿಲ್ಲ. ಮೊದಲ ಸಲ ಮಾಡುವವರಿಗೆ ಲ್ಯಾಕರ್ ಸಾಕು.

## ಹಂತ 1: ಬೋರ್ಡ್ ಈ ಶ್ರಮಕ್ಕೆ ಯೋಗ್ಯವೇ ನೋಡಿ

ಸ್ಟೀಲ್ ಸ್ಕೇಲನ್ನು ಬೋರ್ಡಿನ ಮೇಲೆ ಅಂಚು ಕೆಳಗಾಗಿ ನಿಲ್ಲಿಸಿ. ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ. ಆಚೆ ಬದಿಯಲ್ಲಿ ಮೊಬೈಲ್ ಟಾರ್ಚ್ ಹಚ್ಚಿ. ಸ್ಕೇಲಿನ ಅಡಿಯಿಂದ ಕೂದಲೆಳೆಯಷ್ಟು ಬೆಳಕು ಬಂದರೆ ಚಿಂತೆಯಿಲ್ಲ. ಒಂದು ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಇದ್ದರೆ ಬೋರ್ಡ್ ಬಾಗಿದೆ ಎಂದರ್ಥ. ಉಜ್ಜುವುದರಿಂದ ಬಾಗು ಹೋಗುವುದಿಲ್ಲ.

ಥಂಡಿಯಿಂದ ಬಾಗಿದ್ದರೆ ನೆರಳಿನಲ್ಲಿ ಗಾಳಿಯಾಡುವ ಕಡೆ ನಾಲ್ಕೈದು ದಿನ ಮಲಗಿಸಿಡಿ, ಕೆಲವೊಮ್ಮೆ ತಾನೇ ಸರಿಹೋಗುತ್ತದೆ. ಇಲ್ಲದಿದ್ದರೆ ಬಡಿಗರಿಗೆ ಹೇಳಿ ಹಿಂಬದಿಗೆ ಪಟ್ಟಿ ಕೂಡಿಸಿ. ಮಾಳಿಗೆ ಮೇಲೆ ನೇರ ಬಿಸಿಲಿಗೆ ಒಣಗಿಸಲು ಹೋಗಬೇಡಿ, ಪ್ಲೈವುಡ್ಡಿನ ಪದರ ಬಿಟ್ಟುಕೊಳ್ಳುತ್ತದೆ.

ಆಮೇಲೆ ನಾಣ್ಯದಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ. ಎಲ್ಲ ಕಡೆ ಒಂದೇ ಸದ್ದು ಬರಬೇಕು. ಎಲ್ಲಾದರೂ ಡಬ್ಬ ಡಬ್ಬ ಎಂದರೆ ಅಲ್ಲಿ ಪದರ ಎದ್ದಿದೆ. ಅಂಥ ಬೋರ್ಡಿಗೆ ಪಾಲಿಶ್ ಮಾಡುವುದು ದಂಡ.

## ಹಂತ 2: ಪೌಡರ್ ಮತ್ತು ಜಿಡ್ಡು ತೆಗೆಯುವುದು

ಎಲ್ಲರೂ ಬಿಡುವ ಹಂತ ಇದು. ಅದಕ್ಕೇ ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ.

ವರ್ಷಗಟ್ಟಲೆ ಆಡಿದ ಬೋರ್ಡಿನ ಮೇಲೆ ಬೋರಿಕ್ ಪೌಡರ್, ಕೈಬೆವರು, ಚಹಾದ ಹನಿ, ಮಿರ್ಚಿ ತಿಂದ ಬೆರಳಿನ ಎಣ್ಣೆ ಎಲ್ಲ ಸೇರಿ ಒಂದು ತೆಳುವಾದ ಪದರ ಆಗಿರುತ್ತದೆ. ಬೋರಿಕ್ ಪೌಡರ್ ಸಿಗಲಿಲ್ಲ ಎಂದು ಮುಖಕ್ಕೆ ಹಚ್ಚುವ ಪೌಡರ್ ಹಾಕಿದವರುಂಟು. ಒಂದು ಬೋರ್ಡಿನ ಫ್ರೇಮಿನ ಸಂದಿಯಲ್ಲಿ ನನಗೆ ಜೋಳದ ಹಿಟ್ಟು ಸಿಕ್ಕಿತ್ತು, ಇರುವೆ ಸಮೇತ. ಈ ಜಿಡ್ಡಿನ ಮೇಲೆಯೇ ಉಜ್ಜಿದರೆ ಅದು ಪೇಪರಿಗೆ ಮೆತ್ತಿಕೊಳ್ಳುತ್ತದೆ, ಗಂಟಾಗುತ್ತದೆ, ಆ ಗಂಟು ಬೋರ್ಡಿಗೆ ಗೀರು ಹಾಕುತ್ತದೆ. ಉಳಿದ ಎಣ್ಣೆ ಗೀರಿನೊಳಗೆ ಇಳಿದು ಕೂರುತ್ತದೆ. ಆಮೇಲೆ ಲ್ಯಾಕರ್ ಅಲ್ಲಿ ಹಿಡಿಯುವುದಿಲ್ಲ.

ಮಾಡುವ ಕ್ರಮ ಹೀಗೆ. ಮೊದಲು ಪಾಕೆಟ್ ಜಾಳಿಗೆ ಬಿಚ್ಚಿ. ಫ್ರೇಮಿಗೆ ಕೆಳಗಿನಿಂದ ಸ್ಕ್ರೂ ಇದ್ದರೆ ಅದನ್ನೂ ಬಿಚ್ಚಿ, ಯಾವ ಪಟ್ಟಿ ಯಾವ ಬದಿಯದು ಎಂದು ಹಿಂದೆ ಪೆನ್ಸಿಲ್‌ನಿಂದ ಗುರುತು ಹಾಕಿ. ಮೊಳೆ, ಅಂಟು ಹಾಕಿದ ಫ್ರೇಮನ್ನು ಮೀಟಬೇಡಿ, ಟೇಪ್ ಹಚ್ಚಿ ಮುಚ್ಚಿದರೆ ಸಾಕು. ಒಣ ಬ್ರಷ್‌ನಿಂದ ಪೌಡರ್ ಗುಡಿಸಿ, ಫ್ರೇಮಿನ ಸಂದಿಯನ್ನು ಬಿಡಬೇಡಿ. ಬೋರಿಕ್ ಪೌಡರ್ ಹೊಟ್ಟೆಗೆ ಹೋಗಬಾರದು, ಮೂಗಿಗೆ ಅರಿವೆ ಕಟ್ಟಿಕೊಳ್ಳಿ, ಚಿಕ್ಕಮಕ್ಕಳನ್ನು ದೂರ ಇಡಿ.

ಈಗ ಎರಡು ಅರಿವೆ ತೊಗೊಳ್ಳಿ. ಒಂದನ್ನು ಟರ್ಪೆಂಟೈನ್‌ನಲ್ಲಿ ಸ್ವಲ್ಪ ಅದ್ದಿ ಒಂದು ಅಡಿ ಜಾಗ ಒರೆಸಿ. ಅದು ಆರುವ ಮೊದಲೇ ಒಣ ಅರಿವೆಯಿಂದ ಒರೆಸಿ ತೆಗೆಯಿರಿ. ಒಂದೇ ಅರಿವೆಯಲ್ಲಿ ಮಾಡಿದರೆ ಜಿಡ್ಡು ಇಲ್ಲಿಂದ ಅಲ್ಲಿಗೆ ಹೋಗುತ್ತದೆ, ಬೋರ್ಡ್ ಬಿಟ್ಟು ಹೋಗುವುದಿಲ್ಲ. ಒಣ ಅರಿವೆಗೆ ಕೊಳೆ ಹತ್ತುವುದು ನಿಲ್ಲುವವರೆಗೆ ಮಾಡಿ. ನನಗೆ ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ.

ನೀರು ಬೇಡ. ಪಾಕೆಟ್ಟಿನ ಅಂಚಿನಲ್ಲಿ ಪ್ಲೈವುಡ್ ಬರಿದಾಗಿರುತ್ತದೆ, ಅಲ್ಲಿಂದ ಕುಡಿಯುತ್ತದೆ. ಸೀಮೆಎಣ್ಣೆ ಬೇಡ, ಅದೇ ಒಂದು ಜಿಡ್ಡು. ಥಿನ್ನರ್ ಬೇಡ, ಗೆರೆ ಅಳಿಸಿ ಹೋಗುತ್ತದೆ.

ಒಂದು ರಾತ್ರಿ ಆರಲು ಬಿಡಿ. ಬೆಳಿಗ್ಗೆ ಚಿಟಿಕೆ ಪೌಡರ್ ಹಾಕಿ ನಾಲ್ಕು ಸಲ ಸ್ಟ್ರೈಕರ್ ಹೊಡೆದು ನೋಡಿ. ಎಷ್ಟೋ ಬೋರ್ಡ್ ಇಲ್ಲಿಗೇ ಸರಿಹೋಗಿರುತ್ತವೆ. ಓಡಿದರೆ ಪೇಪರ್ ಮುಟ್ಟಬೇಡಿ, ಆಡಿ.

## ಹಂತ 3: ಹಳೆಯ ಲೇಪ ಯಾವುದು ಎಂದು ತಿಳಿಯುವುದು

ಫ್ರೇಮಿನ ಹತ್ತಿರ, ಆಟಕ್ಕೆ ಬಾರದ ಮೂಲೆಯಲ್ಲಿ ಥಿನ್ನರ್‌ನ ಒಂದು ಹನಿ ಬಿಡಿ. ಅರ್ಧ ನಿಮಿಷ ಬಿಟ್ಟು ಬೆರಳಿನಿಂದ ಮುಟ್ಟಿ. ಅಂಟಂಟು ಆದರೆ ಹೊಸ ಲ್ಯಾಕರ್ ಹಳೆಯದರೊಳಗೆ ಕರಗಿ ಚೆನ್ನಾಗಿ ಕೂಡಿಕೊಳ್ಳುತ್ತದೆ. ಏನೂ ಆಗದಿದ್ದರೆ ಅದು ಮೆಲಮೈನ್ ಅಥವಾ ಅಂಥದ್ದೇ ಗಟ್ಟಿ ಲೇಪ. ಆಗ ಮುಂದಿನ ಹಂತದಲ್ಲಿ ಹೊಳಪು ಎಲ್ಲಿಯೂ ಉಳಿಯದ ಹಾಗೆ ಉಜ್ಜಲೇಬೇಕು, ಇಲ್ಲದಿದ್ದರೆ ಹೊಸ ಲೇಪ ಸಿಪ್ಪೆಯ ಹಾಗೆ ಎದ್ದು ಬರುತ್ತದೆ.

ಇನ್ನೊಂದು ಹನಿಯನ್ನು ಹತ್ತಿಕಡ್ಡಿಯಲ್ಲಿ ತೊಗೊಂಡು ಬಾಣದ ಗೆರೆಯ ತುದಿಗೆ ಮುಟ್ಟಿಸಿ. ಕಡ್ಡಿಗೆ ಬಣ್ಣ ಹತ್ತಿದರೆ ನೆನಪಿಟ್ಟುಕೊಳ್ಳಿ, ಲ್ಯಾಕರ್ ಹೊಡೆಯುವಾಗ ಇದು ಬೇಕಾಗುತ್ತದೆ.

## ಹಂತ 4: ಉಜ್ಜುವುದು

ಆಳವಾದ ಗೀರು ಇದ್ದರೆ ಮೊದಲು ಅದನ್ನು ತುಂಬಿ. ಹಲ್ಲುಕಡ್ಡಿಯ ತುದಿಯಿಂದ ಒಂದು ಹನಿ ಲ್ಯಾಕರ್ ಗೀರಿನೊಳಗೆ ಬಿಡಿ. ಒಣಗಿದಾಗ ಅದು ಕುಗ್ಗುತ್ತದೆ, ಮರುದಿನ ಇನ್ನೊಂದು ಹನಿ. ಮೇಲ್ಮೈಗಿಂತ ಕೂದಲಷ್ಟು ಉಬ್ಬುವವರೆಗೆ ಹೀಗೇ. ಮರದ ಪುಟ್ಟಿ ತುಂಬಿದರೆ ಬೇಗ ಆಗುತ್ತದೆ, ಆದರೆ ಕಲೆ ಕಾಣುತ್ತದೆ, ಸ್ಟ್ರೈಕರ್ ಏಟಿಗೆ ಕಿತ್ತೂ ಬರುತ್ತದೆ.

ಈಗ ಪೆನ್ಸಿಲ್ ತೊಗೊಂಡು ಇಡೀ ಬೋರ್ಡಿನ ಮೇಲೆ ಹಗುರಾಗಿ ಅಡ್ಡಾದಿಡ್ಡಿ ಗೀಚಿ. ತಮಾಷೆಯಲ್ಲ. ಎಲ್ಲಿ ಉಜ್ಜಿದ್ದೀರಿ, ಎಲ್ಲಿ ಬಿಟ್ಟಿದ್ದೀರಿ ಎಂಬುದನ್ನು ಕಣ್ಣು ಹೇಳುವುದಿಲ್ಲ, ಪೆನ್ಸಿಲ್ ಹೇಳುತ್ತದೆ.

320ರ ಪೇಪರನ್ನು ಬ್ಲಾಕಿಗೆ ಸುತ್ತಿ, ಕಟ್ಟಿಗೆಯ ಎಳೆ ಹೋದ ದಿಕ್ಕಿಗೇ ಉದ್ದಕ್ಕೂ ಎಳೆಯಿರಿ. ಗುಂಡಗೆ ತಿರುಗಿಸಬೇಡಿ, ಎಳೆಗೆ ಅಡ್ಡ ಹೋಗಬೇಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ, ಬ್ಲಾಕಿನ ಭಾರ ಮತ್ತು ನಿಮ್ಮ ಕೈಯ ಭಾರ ಅಷ್ಟೇ. ಪ್ರತಿ ಸಲ ಅರ್ಧ ಬ್ಲಾಕ್ ಪಕ್ಕಕ್ಕೆ ಸರಿಯಿರಿ. ಪೆನ್ಸಿಲ್ ಗುರುತು ಹೋಯಿತೇ, ನಿಲ್ಲಿಸಿ. ಆಟಗಾರ ಕೂರುವ ನಾಲ್ಕು ಕಡೆ, ಸ್ಟ್ರೈಕರ್ ಇಟ್ಟು ಹೊಡೆಯುವ ಬೇಸ್‌ಲೈನ್ ಸುತ್ತ, ಕೊಳೆ ಜಾಸ್ತಿ ಇರುತ್ತದೆ. ಹಾಗೆಂದು ಅಲ್ಲೇ ಕೂತು ತಿಕ್ಕಬೇಡಿ. ಗೆರೆ ಇರುವುದೂ ಅಲ್ಲೇ.

ಕಣ್ಣು ಧೂಳಿನ ಮೇಲಿರಲಿ. ಧೂಳು ಬೆಳ್ಳಗೆ ಇದ್ದರೆ ಹಳೆಯ ಲ್ಯಾಕರ್ ಹೋಗುತ್ತಿದೆ, ಒಳ್ಳೆಯದು. ಧೂಳಿಗೆ ಕಟ್ಟಿಗೆಯ ಹಳದಿ-ಕಂದು ಬಣ್ಣ ಬಂದರೆ ಲೇಪ ಮುಗಿದು ಮರ ಸಿಕ್ಕಿದೆ. ಕಪ್ಪು ಅಥವಾ ಕೆಂಪು ಕಂಡರೆ ಕೈ ತೆಗೆಯಿರಿ, ಅದು ಗೆರೆ. ನಾನು ಮಾಡಿದ ಮೊದಲ ಬೋರ್ಡಿನಲ್ಲಿ ಕೆಂಪು ಧೂಳು ನೋಡಿಯೂ ಇನ್ನೆರಡು ಸಲ ಎಳೆದೆ. ಬೇಸ್‌ಲೈನ್ ತುದಿಯ ಒಂದು ಬೇಸ್ ಸರ್ಕಲ್ ಅರ್ಧಚಂದ್ರ ಆಗಿ ಹೋಯಿತು.

ಪೇಪರ್ ಪದೇ ಪದೇ ತುಂಬಿಕೊಂಡು ಜಾರುತ್ತಿದ್ದರೆ ಜಿಡ್ಡು ಉಳಿದಿದೆ. ಜೋರಾಗಿ ಒತ್ತಬೇಡಿ, ಹಂತ 2ಕ್ಕೆ ವಾಪಸ್ ಹೋಗಿ.

320 ಆದ ಮೇಲೆ ಧೂಳು ಪೂರ್ತಿ ಒರೆಸಿ, ಮತ್ತೆ ಪೆನ್ಸಿಲ್, ಆಮೇಲೆ 400. ಒರೆಸದೆ 400 ಹಿಡಿದರೆ 320ರ ಉದುರಿದ ಕಣಗಳೇ ಹೊಸ ಗೀರು ಹಾಕುತ್ತವೆ. ಮೆಷಿನ್‌ನಲ್ಲಿ ಉಜ್ಜಬಹುದೇ ಎಂದು ಕೇಳುವವರು ಜಾಸ್ತಿ. ಮೇಲಿನ ಪದರ ಕಾಗದದಷ್ಟು ತೆಳು ಇರುವ ಬೋರ್ಡುಗಳೂ ಇವೆ, ಮೆಷಿನ್ ಅದನ್ನು ಕ್ಷಣದಲ್ಲಿ ತಿನ್ನುತ್ತದೆ. ನಾನಂತೂ ಬೇಡ ಎನ್ನುತ್ತೇನೆ.

## ಗೆರೆ ಹೋಗಿಬಿಟ್ಟಿದ್ದರೆ

ಅಳತೆ ಗೊತ್ತಿದ್ದರೆ ಮತ್ತೆ ಹಾಕಬಹುದು. ಅಂತರರಾಷ್ಟ್ರೀಯ ನಿಯಮದ ಬೋರ್ಡಿನಲ್ಲಿ ಆಡುವ ಜಾಗ 73.5ರಿಂದ 74 ಸೆಂ.ಮೀ. ಚೌಕ. ಬೇಸ್‌ಲೈನ್ 47 ಸೆಂ.ಮೀ. ಉದ್ದ, ಫ್ರೇಮಿನಿಂದ 10.15 ಸೆಂ.ಮೀ. ದೂರ. ಅದರ ತುದಿಯ ಬೇಸ್ ಸರ್ಕಲ್ 3.18 ಸೆಂ.ಮೀ. ವ್ಯಾಸ, ಒಳಗಿನ ಕೆಂಪು 2.54. ನಡುವಿನ ದೊಡ್ಡ ವೃತ್ತ 17 ಸೆಂ.ಮೀ. ವ್ಯಾಸ. ನಿಮ್ಮದು ಮನೆಯ ಸಣ್ಣ ಬೋರ್ಡ್ ಆಗಿದ್ದರೆ ಈ ಅಳತೆ ಕೂರುವುದಿಲ್ಲ. ಅಳಿಯದೆ ಉಳಿದ ಬದಿಯನ್ನು ಟ್ರೇಸಿಂಗ್ ಪೇಪರ್ ಮೇಲೆ ತೆಗೆದು ಈಚೆ ಇಳಿಸಿ.

ಮಾರ್ಕರ್ ಪೆನ್ ಮಾತ್ರ ಬೇಡ. ಪರ್ಮನೆಂಟ್ ಎಂದು ಬರೆದಿದ್ದರೂ ಲ್ಯಾಕರ್ ತಾಗಿದೊಡನೆ ಬಣ್ಣ ಹರಡಿ ಗೆರೆಗೆ ಮೀಸೆ ಬರುತ್ತದೆ. ಎರಡೂ ಬದಿ ಟೇಪ್ ಹಚ್ಚಿ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ತುಂಬಿ, ಅರೆ ಒಣಗಿದಾಗಲೇ ಟೇಪ್ ಎಳೆಯಿರಿ. ಒಂದು ದಿನ ಬಿಟ್ಟು ಮುಂದುವರಿಯಿರಿ.

## ಹಂತ 5: ಲ್ಯಾಕರ್

ಹಿಂದಿನ ಸಂಜೆಯೇ ಪಡಸಾಲೆ ಗುಡಿಸಿ, ಒದ್ದೆ ಅರಿವೆಯಿಂದ ನೆಲ ಒರೆಸಿ. ಬೆಳಿಗ್ಗೆ ಗುಡಿಸಬೇಡಿ, ಎದ್ದ ಧೂಳು ಇಳಿಯಲು ತಾಸುಗಟ್ಟಲೆ ಬೇಕು. ಫ್ಯಾನ್ ಬೇಡ, ಕಿಟಕಿ ತೆರೆದಿರಲಿ. ಲ್ಯಾಕರ್ ಮತ್ತು ಥಿನ್ನರ್ ಆವಿಗೆ ಬೆಂಕಿ ತಟ್ಟನೆ ಹತ್ತುತ್ತದೆ. ಹತ್ತಿರ ಗ್ಯಾಸ್ ಒಲೆ, ದೇವರ ದೀಪ, ಊದಿನಕಡ್ಡಿ, ಬೀಡಿ ಯಾವುದೂ ಇರಬಾರದು. ಸಾದಾ ಮಾಸ್ಕ್ ಧೂಳನ್ನು ತಡೆಯುತ್ತದೆ, ಈ ಆವಿಯನ್ನು ತಡೆಯುವುದಿಲ್ಲ. ತಲೆ ತಿರುಗಿದಂತಾದರೆ ಹೊರಗೆ ಬನ್ನಿ.

ಒಂಬತ್ತರಿಂದ ಹನ್ನೊಂದರ ನಡುವೆ ಹೊಡೆಯಿರಿ. ನಡುಮಧ್ಯಾಹ್ನದ ಸೆಕೆಯಲ್ಲಿ ಲ್ಯಾಕರ್ ಹರಡುವ ಮೊದಲೇ ಒಣಗಿ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಆಗುತ್ತದೆ.

ಮರ ಬರಿದಾದ ಕಡೆ ಮೊದಲು ಒಂದು ಕೈ (ಒಂದು ಪದರ) ಸೀಲರ್ ಹಚ್ಚಿ, ಒಣಗಿದ ಮೇಲೆ 400ರಿಂದ ಸವರಿ. ಪಾಕೆಟ್ಟಿನ ಒಳ ಅಂಚಿಗೂ ಹಚ್ಚಿ, ಮುಂದೆ ಥಂಡಿ ಕುಡಿಯುವುದು ತಪ್ಪುತ್ತದೆ. ಲ್ಯಾಕರಿಗೆ ಎಷ್ಟು ಥಿನ್ನರ್ ಎಂಬುದನ್ನು ಡಬ್ಬಿಯ ಮೇಲೆ ಬರೆದಿರುತ್ತಾರೆ, ಅದನ್ನೇ ಪಾಲಿಸಿ. ಹತ್ತಿಯ ಉಂಡೆಯನ್ನು ಧೋತರದ ತುಂಡಿನಲ್ಲಿ ಸುತ್ತಿ, ಅಡಿ ಮಟ್ಟವಾಗಿ ಸುಕ್ಕಿಲ್ಲದಂತೆ ಬಿಗಿ ಹಿಡಿಯಿರಿ. ಅದ್ದಿ, ಹಿಂಡಿ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ನಡುವೆ ನಿಲ್ಲಬೇಡಿ. ಬಿಟ್ಟುಹೋದ ಜಾಗ ಕಂಡರೂ ವಾಪಸ್ ಹೋಗಬೇಡಿ, ಮುಂದಿನ ಕೈಯಲ್ಲಿ ಮುಚ್ಚುತ್ತದೆ. ವಾಪಸ್ ಹೋದ ಕೈಯೇ ಗೆರೆಯನ್ನು ಕರಗಿಸಿ ಎಳೆದುಕೊಂಡು ಬರುವುದು. ಹಂತ 3ರಲ್ಲಿ ಕಡ್ಡಿಗೆ ಬಣ್ಣ ಹತ್ತಿತ್ತಲ್ವಾ? ಆ ಬೋರ್ಡಿಗೆ ಮೊದಲ ಕೈಯನ್ನು ಅರಿವೆಯಿಂದ ಹಚ್ಚಲೇಬೇಡಿ. ಸ್ಪ್ರೇ ಡಬ್ಬಿಯ ಕ್ಲಿಯರ್ ಲ್ಯಾಕರನ್ನು ದೂರದಿಂದ ಮಂಜಿನ ಹಾಗೆ ಹಾಯಿಸಿ, ಆರಿದ ಮೇಲೆ ಇನ್ನೊಮ್ಮೆ ಹಾಯಿಸಿ.

ಒಂದು ಕೈ ಆದ ಮೇಲೆ ಕನಿಷ್ಠ ಎರಡು ತಾಸು ಬಿಡಿ. 600ರಿಂದ ಹಗುರಾಗಿ ಸವರಿ, ಧೂಳು ಒರೆಸಿ, ಎರಡನೇ ಕೈ. ಮೂರು ತೆಳು ಕೈ ಸಾಕು. ಒಂದೇ ಸಲ ದಪ್ಪಗೆ ಹೊಡೆದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ.

ಕೆಟ್ಟರೆ ಗುರುತಿಸುವುದು ಹೀಗೆ. ಬೆಳ್ಳಗೆ ಮಂಜು ಕವಿದರೆ ಗಾಳಿಯಲ್ಲಿ ತೇವ ಇದೆ: ಥಿನ್ನರ್ ಆರುವಾಗ ಮೇಲ್ಮೈ ತಂಪಾಗಿ ಗಾಳಿಯ ನೀರು ಲೇಪದೊಳಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಕೈ ಹೊಡೆದು ಮುಚ್ಚಲು ಹೋಗಬೇಡಿ. ಒಣಹವೆಯ ದಿನಕ್ಕಾಗಿ ಕಾದು, ಥಿನ್ನರ್ ಜಾಸ್ತಿ ಹಾಕಿದ ತೆಳು ಲ್ಯಾಕರನ್ನು ಒಂದು ಕೈ ಎಳೆದರೆ ಮಂಜು ಬಹುಪಾಲು ಬಿಡುತ್ತದೆ. ಮೀನಿನ ಕಣ್ಣಿನಂಥ ಸಣ್ಣ ಗುಳಿಗಳು ಬಿದ್ದರೆ ಯಾರೋ ಹಿಂದೆ ಸಿಲಿಕಾನ್ ಇರುವ ಬೈಕ್ ಪಾಲಿಶ್ ಹಾಕಿದ್ದಾರೆ. ಪೂರ್ತಿ ಒಣಗಿಸಿ, 320ಕ್ಕೆ ಉಜ್ಜಿ, ಟರ್ಪೆಂಟೈನ್ ಅರಿವೆಯಿಂದ ಹೊಸದಾಗಿ ಶುರು ಮಾಡಬೇಕು. ಬೇರೆ ದಾರಿ ನನಗೆ ಸಿಕ್ಕಿಲ್ಲ.

ಒದ್ದೆ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಹೊರಗೆ ಬಿಚ್ಚಿ ಹರವಿ ಒಣಗಿಸಿ.

## ಹಂತ 6: ಬಿಡುವುದು

ಏಳು ದಿನ. ಮುಟ್ಟಿದರೆ ಅರ್ಧ ತಾಸಿನಲ್ಲೇ ಒಣಗಿದ ಹಾಗೆ ಅನಿಸುತ್ತದೆ, ನಂಬಬೇಡಿ. ಮೂಗು ಹತ್ತಿರ ತಂದು ನೋಡಿ. ಥಿನ್ನರ್ ವಾಸನೆ ಇನ್ನೂ ಬರುತ್ತಿದ್ದರೆ ಒಳಗೆ ಹಸಿ ಇದೆ. ಮೇಲೆ ಪತ್ರಿಕೆ ಹಾಳೆ ಮುಚ್ಚಬೇಡಿ, ಅಕ್ಷರ ಅಚ್ಚಾಗುತ್ತದೆ.

## ಹಂತ 7: ಕೊನೆಯ ಪಾಲಿಶ್

ಕನ್ನಡಿಯ ಹಾಗೆ ಹೊಳೆಯುವ ಬೋರ್ಡ್ ಒಳ್ಳೆಯದು ಎಂಬುದು ತಪ್ಪು ತಿಳಿವಳಿಕೆ. ಪೂರ್ತಿ ಗಾಜಿನಂತಾದರೆ ಚಪ್ಪಟೆ ಕಾಯಿ ಮೇಲ್ಮೈಗೆ ಹತ್ತಿಕೊಂಡಂತೆ ಎಳೆಯುತ್ತದೆ, ಪೌಡರಿಗೂ ನಿಲ್ಲಲು ಜಾಗ ಇರುವುದಿಲ್ಲ. ನಮಗೆ ಬೇಕಾದದ್ದು ರೇಷ್ಮೆಯಂಥ ಮಂದ ಹೊಳಪು.

1000 ನಂಬರ್ ಪೇಪರನ್ನು ಬ್ಲಾಕಿಗೆ ಸುತ್ತಿ, ಒಣಗೇ, ಎಳೆಯ ದಿಕ್ಕಿಗೆ ಎರಡು ಸುತ್ತು. ಒರೆಸಿ. 1500ರಿಂದ ಮತ್ತೆರಡು ಸುತ್ತು. ಆಮೇಲೆ ಧೋತರದ ಅರಿವೆಯನ್ನು ಮಡಚಿ ಕೈ ಬಿಸಿಯಾಗುವಷ್ಟು ತಿಕ್ಕಿ. ಮೇಣ, ಕೊಬ್ಬರಿ ಎಣ್ಣೆ, ಕಾರಿನ ಪಾಲಿಶ್ ಯಾವುದೂ ಬೇಡ. ಎರಡು ದಿನ ಮಜಾ ಕೊಟ್ಟು ಮೂರನೇ ದಿನ ಪೌಡರನ್ನು ಹಿಟ್ಟು ಕಲಸಿದಂತೆ ಮಾಡಿಬಿಡುತ್ತವೆ.

## ಆಡಿ ನೋಡುವುದು

ಫ್ರೇಮ್ ಕೂಡಿಸಿ, ಜಾಳಿಗೆ ಕಟ್ಟಿ, ಬೋರ್ಡನ್ನು ಮಟ್ಟವಾಗಿ ಇಡಿ. ಒಣಗಿದ ಬೋರಿಕ್ ಪೌಡರ್ ಎರಡು ಚಿಟಿಕೆ ಹಾಕಿ ಅರಿವೆಯಿಂದ ಹರಡಿ. ನಿಯಮದ ಪ್ರಕಾರ 15 ಗ್ರಾಂ ಸ್ಟ್ರೈಕರನ್ನು ಪೂರ್ತಿ ಬಲದಿಂದ ಹೊಡೆದರೆ ಅದು ಮೂರೂವರೆ ಸಲ ಪುಟಿಯಬೇಕು. ಮನೆಯ ಬೋರ್ಡಿನಲ್ಲಿ ಅಷ್ಟು ಬಾರದಿದ್ದರೆ ಬೇಸರ ಬೇಡ, ಫ್ರೇಮೂ ಅಷ್ಟು ಗಟ್ಟಿ ಇರಬೇಕಾಗುತ್ತದೆ. ನಾಲ್ಕೂ ಬದಿಯಿಂದ ಹೊಡೆದಾಗ ಒಂದೇ ತೆರನಾಗಿ ಓಡಿದರೆ ಕೆಲಸ ಸರಿಯಾಗಿದೆ. ಒಂದೇ ಜಾಗದಲ್ಲಿ ನಿಧಾನ ಆದರೆ ಅಲ್ಲಿಗೆ ಮಾತ್ರ 1500 ಹಿಡಿಯಿರಿ.

ಹಳೆಯ ಕಾಯಿಗಳನ್ನು ಹಾಗೇ ಸುರಿಯಬೇಡಿ. ಅವುಗಳ ಅಡಿಯಲ್ಲೂ ಅದೇ ಹಳೆಯ ಜಿಡ್ಡು ಇರುತ್ತದೆ. ಒಂದೊಂದನ್ನೂ ಒಣ ಅರಿವೆಯಿಂದ ಒರೆಸಿ. ಸ್ಟ್ರೈಕರಿನ ಅಂಚಿಗೆ ಉಗುರು ಎಳೆದು ನೋಡಿ, ಎಲ್ಲಾದರೂ ತಡೆದರೆ ಬೇರೆ ತೊಗೊಳ್ಳಿ. ಅಂಚು ಒಡೆದ ಸ್ಟ್ರೈಕರ್ ಒಂದೇ ಸಂಜೆಯಲ್ಲಿ ಹೊಸ ಲ್ಯಾಕರಿಗೆ ಗೀರು ಹಾಕುತ್ತದೆ.

ಆಟ ಮುಗಿದ ಮೇಲೆ ಪೌಡರ್ ಗುಡಿಸಿ, ಹಳೆಯ ಹತ್ತಿ ಚಾದರ ಹೊದಿಸಿ ಮಂಚದ ಕೆಳಗೆ ಮಲಗಿಸಿಡಿ. ಧಾರವಾಡದ ಮನೆಗಳಲ್ಲಿ ಮಳೆ ಬಡಿಯುವ ಹೊರಗೋಡೆಗೆ ಒರಗಿಸಿ ಇಟ್ಟರೆ ದೀಪಾವಳಿಗೆ ತೆಗೆಯುವಾಗ ಮತ್ತೆ ಸ್ಟೀಲ್ ಸ್ಕೇಲ್ ಹುಡುಕಬೇಕಾಗುತ್ತದೆ.